ಆರೋ ಅಕ್ಕಿ, ಬೇಯೋ ಅಕ್ಕಿ

ಒಂದನೇ ಕ್ಲಾಸಿನ ಟೀಚರಮ್ಮನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹುಟ್ಟಿದ ಮನೆಯಲ್ಲೂ ಅದು ಇರಲಿಲ್ಲ, ಸೇರಿದ ಮನೆಯಲ್ಲಂತೂ ಅದರ ಸುಳಿವೇ ಇರಲಿಲ್ಲ. ಮದುವೆಗೆ ಮುಂಚೆ ಮೊದಲ ಸಲ ಮಾತಿಗೆ ಸಿಕ್ಕಾಗ ಗಂಡ ತನ್ನ ಕಸುಬಿನ ಬಗ್ಗೆ, "ನಂದು ಒಲಿಯೋ ಕೆಲ್ಸ" ಎಂದಿದ್ದ. ಇವಳು ನಾಚಿಕೊಂಡು "ಔದಾ" ಎಂದಿದ್ದಳು. ದರ್ಜಿಯೊಬ್ಬ ಹೊಲಿಯುವುದನ್ನು ಒಲಿಯುವುದು ಎಂದದ್ದಕ್ಕೆ ಒಂದು ಸಂಸಾರವೇ ಕಟ್ಟಿಕೊಂಡಿತು. ಹಕಾರವಿದ್ದಿದ್ದರೆ ಇಷ್ಟು ಸಲೀಸಾಗಿ ಕಟ್ಟಿಕೊಳ್ಳುತ್ತಿತ್ತೋ ಇಲ್ಲವೋ ಹೇಳಲಾಗದು.

ಶಾಲೆಯಲ್ಲಿ ಈ ಕೊರತೆಗೆ ಅವಳೇ ಒಂದು ಉಪಾಯ ಹೂಡಿಕೊಂಡಿದ್ದಳು. ಗೋಡೆಯ ಮೇಲೆ ಅಕ್ಷರದ ಚಿತ್ರಗಳಿದ್ದವು. 'ಅ' ಅಕ್ಷರದ ಕೆಳಗೆ ಒಂದು ಬೊಗಸೆ ಅಕ್ಕಿ, 'ಹ' ಅಕ್ಷರದ ಕೆಳಗೆ ರೆಕ್ಕೆ ಬಿಚ್ಚಿದ ಹಕ್ಕಿ. ಅವಳ ಬಾಯಲ್ಲಿ ಎರಡೂ ಅಕ್ಕಿಯೇ. ಹಾಗಾಗಿ ಕೋಲು ತೋರಿಸಿ ಒಂದಕ್ಕೆ "ಬೇಯೋ ಅಕ್ಕಿ" ಎನ್ನುತ್ತಿದ್ದಳು, ಇನ್ನೊಂದಕ್ಕೆ "ಆರೋ ಅಕ್ಕಿ" ಎನ್ನುತ್ತಿದ್ದಳು. ಮಕ್ಕಳು ಸೂರು ಕಿತ್ತುಹೋಗುವಂತೆ ಕೂಗುತ್ತಿದ್ದರು. ಯಾವ ಮಗುವೂ ಹಕ್ಕಿಯನ್ನು ಬೇಯಿಸಲಿಲ್ಲ, ಅಕ್ಕಿಯನ್ನು ಹಾರಿಸಲಿಲ್ಲ. ಹಕಾರವನ್ನು ಅವು ಮನೆಯಿಂದಲೋ ಬೀದಿಯಿಂದಲೋ ಹೆಕ್ಕಿಕೊಂಡು ಎರಡನೇ ಕ್ಲಾಸಿಗೆ ಹೋಗುತ್ತಿದ್ದವು. ಅವಳ ಕೈಕೆಳಗೆ ಅಕ್ಷರ ಕಲಿತ ಹುಡುಗಿಯೊಬ್ಬಳು ಈಗ ರೈಲು ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದಳು, ಒಂದು ಹಕಾರವೂ ಹಳಿ ತಪ್ಪದಂತೆ.

ಮೇಲಿನ ಕ್ಲಾಸು ಕೊಡುತ್ತೇವೆಂದಾಗಲೆಲ್ಲ ಟೀಚರಮ್ಮ ಬೇಡವೆಂದಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಗಳಿಗೆ. ಅಲ್ಲಿಯವರೆಗೆ ಬರೀ ಗೀಟುಗಳಾಗಿದ್ದ ಎರಡು ಅಕ್ಷರ ಒಂದು ದಿನ ಇದ್ದಕ್ಕಿದ್ದಂತೆ ಕೂಡಿಕೊಂಡು ಮಾತಾಗುತ್ತವೆ. ಆಗ ಮಗು ಸ್ಲೇಟಿನಿಂದ ತಲೆ ಎತ್ತಿ, ತನ್ನ ಜೇಬಿನಲ್ಲೇ ಏನೋ ಸಿಕ್ಕಿತು ಎನ್ನುವಂತೆ ಅವಳ ಮುಖ ನೋಡುತ್ತದೆ. ಆ ನೋಟ ಒಂದನೇ ಕ್ಲಾಸಿನಲ್ಲಿ ಬಿಟ್ಟರೆ ಮತ್ತೆಲ್ಲೂ ಸಿಗುವುದಿಲ್ಲ. ಅದಕ್ಕಾಗಿ ಅವಳು ಸೀಮೆಸುಣ್ಣದ ಧೂಳು ಕುಡಿದಳು, ನೂರಾರು ಮೂಗು ಒರೆಸಿದಳು. ಅದು ಹೋದರೆ ತನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಶಾಲೆಗೆ 'ಸದ್ದಿನ ಪದ್ಧತಿ' ಬಂತು. ಅದರ ಹಿಂದೆ ಒಂದು ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಒಬ್ಬ ತರಬೇತುದಾರ. ಮಕ್ಕಳು ಮೊದಲ ದಿನವೇ ಅವನಿಗೆ 'ಸದ್ದು ಸಾರ್' ಎಂದು ಹೆಸರಿಟ್ಟವು. ಪೆಟ್ಟಿಗೆಯಲ್ಲಿ ಮಿರಿಮಿರಿ ಮಿಂಚುವ ಪುಸ್ತಕಗಳು, ಅಕ್ಷರದ ಬಿಲ್ಲೆಗಳು, ಮಾತಾಡುವ ಒಂದು ಯಂತ್ರ ಮತ್ತು ಒಂದು ಕಟ್ಟು ಮೇಣದಬತ್ತಿ ಇದ್ದವು.

"ಅಕ್ಷರಕ್ಕೆ ಹೆಸರಿಲ್ಲ. ಅಕ್ಷರ ಅಂದ್ರೆ ಬರೀ ಸದ್ದು," ಎಂದು ಸದ್ದು ಸಾರ್ ಶಿಕ್ಷಕರನ್ನೆಲ್ಲ ಕೂರಿಸಿ ಹೇಳಿದ. "ಚಿತ್ರ ತೋರಿಸ್ಬೇಡಿ, ರಾಗ ಎಳೀಬೇಡಿ. ಇನ್ಮೇಲೆ ಟೀಚರ್ ಬಾಯೇ ಪುಸ್ತಕ. ಮಗು ಟೀಚರ್ ಬಾಯಿಂದ ಏನು ಕೇಳುತ್ತೋ ಅದನ್ನೇ ಬರೀಬೇಕು. ಬರೆದಿದ್ದನ್ನೇ ಓದ್ಬೇಕು. ಓದಿದ್ದನ್ನೇ ಮಾಡ್ಬೇಕು. ಕೇಳು, ಬರೆ, ಓದು, ಮಾಡು. ಇಷ್ಟೇ ಪದ್ಧತಿ."

ಪದ್ಧತಿ ಹುಟ್ಟಿದ್ದು ಬೇರೊಂದು ಭಾಷೆಯಲ್ಲಂತೆ. ಆ ಭಾಷೆಯಲ್ಲಿ ಅಕ್ಷರ ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತದಂತೆ. ಇಬ್ಬರ ಜಗಳ ಬಿಡಿಸಲು ಪಂಡಿತರು ಇದನ್ನು ಕಂಡುಹಿಡಿದರಂತೆ. ನಮ್ಮಲ್ಲಿ ಅಕ್ಷರಕ್ಕೂ ಸದ್ದಿಗೂ ಮೊದಲಿಂದಲೇ ಒಪ್ಪಂದ. ಜಗಳವಿಲ್ಲದ ಮನೆಗೆ ಜಗಳ ಬಿಡಿಸುವವನು ಬಂದರೆ ಅವನೂ ಹೊಟ್ಟೆ ಹೊರೆಯಬೇಕಲ್ಲ, ಸಣ್ಣದೊಂದು ಜಗಳ ತಾನೇ ಹುಟ್ಟಿಸಬೇಕಾಗುತ್ತದೆ. ಮೊದಲ ವಾರ ಸದ್ದು ಸಾರ್ 'ಕ' ಎನ್ನಬಾರದು, 'ಕ್' ಎನ್ನಬೇಕು ಎಂದ. 'ಸ' ಎನ್ನಬಾರದು, 'ಸ್ಸ್ಸ್' ಎನ್ನಬೇಕು ಎಂದ. ಒಂದನೇ ಕ್ಲಾಸು ಪಂಕ್ಚರಾದ ಸೈಕಲ್ಲಿನಂತೆ ಸದ್ದು ಮಾಡತೊಡಗಿತು. ಪಕ್ಕದ ಎರಡನೇ ಕ್ಲಾಸಿನ ಟೀಚರು ಹಾವು ಬಂದಿದೆ ಎಂದು ಮೇಜು ಹತ್ತಿದಳು. ಎರಡನೇ ವಾರ ಯಾರಿಗೂ ತಿಳಿಯದಂತೆ 'ಕ' ತನ್ನ ಅಕಾರ ಹಾಕಿಕೊಂಡು ವಾಪಸು ಬಂತು.

ಆದರೆ ಟೀಚರಮ್ಮನ ಹಕಾರ ಮಾತ್ರ ಬರಲಿಲ್ಲ. ಮೂರನೇ ವಾರ ಸದ್ದು ಸಾರ್ ಅವಳ ಕ್ಲಾಸಿನ ಹಿಂದೆ ಕೂತು "ಆರೋ ಅಕ್ಕಿ, ಬೇಯೋ ಅಕ್ಕಿ" ಕೇಳಿಸಿಕೊಂಡ. ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನ ಮುಖ ಮಾಡಿದ. ಮಧ್ಯಾಹ್ನ ಹೆಡ್ ಮಾಸ್ತರರ ಕೋಣೆಗೆ ಅವಳನ್ನು ಕರೆಸಿ, ಅವಳ ಬಾಯಿಂದ ಒಂದು ಗೇಣು ದೂರದಲ್ಲಿ ಮೇಣದಬತ್ತಿ ಹಚ್ಚಿಟ್ಟ.

"ಹಾಲು ಅನ್ನಿ."

"ಆಲು."

ದೀಪ ಕದಲಲಿಲ್ಲ.

"ಹಣ ಅನ್ನಿ."

"ಅಣ."

ದೀಪ ಚಿತ್ರ ಬರೆದಂತೆ ನಿಂತಿತು.

"ಹ ಅಂದ್ರೆ ಉಸಿರು ಟೀಚರಮ್ಮ. ಉಸಿರು ತಾಗಿದ್ರೆ ದೀಪ ಅಲುಗಬೇಕು. ನಿಮ್ಮ ಮುಂದೆ ಈ ಬತ್ತಿ ನೆಮ್ಮದಿಯಾಗಿ ಬೆಳಗಾಗೋವರೆಗೆ ಉರಿಯುತ್ತೆ," ಎಂದ ಸದ್ದು ಸಾರ್. "ಪ್ರದರ್ಶನದ ದಿನ ಮಕ್ಕಳ ಅಪ್ಪ ಅಮ್ಮ ಎಲ್ಲ ಬರ್ತಾರೆ. ಅಷ್ಟರಲ್ಲಿ ನಿಮ್ಮ ಬಾಯಿ ಸರಿಹೋಗ್ಬೇಕು. ಇಲ್ದಿದ್ರೆ ಒಂದನೇ ಕ್ಲಾಸಿಗೆ ಈ ಯಂತ್ರ ಇದೆ, ನಿಮಗೆ ಸ್ಟೋರ್ ರೂಮ್ ಇದೆ."

"ಔದು ಸಾರ್," ಎಂದಳು ಟೀಚರಮ್ಮ. ದೀಪ ಆಗಲೂ ಅಲುಗಲಿಲ್ಲ.

ಇಲ್ಲಿ ಶಾಲೆಯ ಅಧ್ಯಕ್ಷರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಪೆಟ್ಟಿಗೆ ತರಿಸಿದ್ದು ಅವರೇ. ಅವರದು ಹಂಚಿನ ಕಾರ್ಖಾನೆ, ಅವರ ಬಾಯಲ್ಲಿ ಅಂಚಿನ ಕಾರ್ಖಾನೆ. ಮಾಮೂಲಿ ಮಾತಿನಲ್ಲಿ ಅವರಿಗೂ ಟೀಚರಮ್ಮನಿಗೂ ಒಂದೇ ರೋಗ. ಆದರೆ ಮೈಕಿನ ಮುಂದೆ ನಿಂತರೆ ಅವರಿಗೆ ತಮ್ಮ ಸ್ಥಾನ ನೆನಪಾಗುತ್ತಿತ್ತು, ಸ್ಥಾನಕ್ಕೆ ತಕ್ಕ ಉಸಿರು ಬೇಕೆನಿಸುತ್ತಿತ್ತು. ಆಗ ಅವರು ಇರುವ ಹಕಾರವನ್ನು ಬಿಟ್ಟು, ಇಲ್ಲದ ಕಡೆಯೆಲ್ಲ ಹಕಾರ ಹಾಕುತ್ತಿದ್ದರು. "ಹೆಲ್ಲರಿಗೂ ಆರ್ದಿಕ ಸ್ವಾಗತ. ಹಧ್ಯಕ್ಷನಾಗಿ ನನಗೆ ಬಾಳ ಹಾನಂದ." ಅವರ ಮುಂದೆ ಮೇಣದಬತ್ತಿ ಹಚ್ಚಿಡುವ ಆಲೋಚನೆ ಸದ್ದು ಸಾರ್‌ಗೆ ಬರಲಿಲ್ಲ. ಬಡವರ ಬಾಯಲ್ಲಿ ಹಕಾರ ಹೋದರೆ ದೋಷ, ದೊಡ್ಡವರ ಬಾಯಲ್ಲಿ ಹೋದರೆ ಶೈಲಿ. ಹೆಡ್ ಮಾಸ್ತರರಂತೂ ಸ್ವಾಮಿಭಕ್ತಿಯಿಂದ ಅಧ್ಯಕ್ಷರ ಎದುರು ತಮ್ಮನ್ನು 'ಎಡ್ ಮಾಸ್ತರು' ಎಂದೇ ಕರೆದುಕೊಳ್ಳುತ್ತಿದ್ದರು.

ಟೀಚರಮ್ಮ ಒಂದು ಮೇಣದಬತ್ತಿ ಕೇಳಿ ಮನೆಗೆ ತಂದಳು. ಸಂಜೆ ಅಡುಗೆಮನೆಯಲ್ಲಿ ಹಚ್ಚಿಟ್ಟು ಎದುರು ಕೂತಳು.

"ಕರೆಂಟ್ ಓಗಿದ್ಯಾ?" ಎಂದು ಅತ್ತೆ ಮೇಲೆ ನೋಡಿದಳು. ಬಲ್ಬು ಉರಿಯುತ್ತಿತ್ತು.

"ಇಲ್ಲ ಅತ್ತೆ. ನಾನು ಉಸಿರು ಕಲೀತಿದೀನಿ."

"ಇಷ್ಟ್ ವರ್ಷ ಏನ್ ಬಿಡ್ತಿದ್ದೆ ಮತ್ತೆ?"

ಹೊಲಿಗೆ ಯಂತ್ರದ ಹಿಂದಿನಿಂದ ಗಂಡ ಕಿಸಕ್ಕೆಂದ. ಅವಳು ಗಮನ ಕೊಡಲಿಲ್ಲ. ಹಾಲು, ಹಣ, ಹೂವು, ಹಲಗೆ. ಮೊದಲ ದಿನ ಉಸಿರಿನ ಜತೆ ಎಂಜಲು ಹಾರಿ ದೀಪ ಆರಿತು. ಆಮೇಲೆ ಮೆಲ್ಲಗೆ ದೀಪ ತಲೆದೂಗತೊಡಗಿತು. ತಲೆದೂಗಿದ್ದೇ ತಡ, ಹಕಾರ ಹುಚ್ಚು ಹೊಳೆಯಂತೆ ಮನೆಯೆಲ್ಲ ನುಗ್ಗಿತು. "ಹಡುಗೆ ಆಯ್ತು, ಹೂಟಕ್ಕೆ ಏಳಿ," ಎಂದು ಗಂಡನನ್ನು ಕರೆದಳು. "ಹತ್ತೆ, ಹೆಲೆ ಹಡಿಕೆ ಡಬ್ಬಿ ಹೆಲ್ಲಿಟ್ರಿ?" ಎಂದಳು.

"ಇದ್ಯಾವ್ ಕೆಮ್ಮೇ ನಿಂಗೆ?" ಎಂದು ಅತ್ತೆ ಗಾಬರಿಬಿದ್ದು ಶುಂಠಿ ಜಜ್ಜಲು ಕೂತಳು. "ನೋಡು, ಮಾತು ಆಡಿದ್ರೆ ಓಯ್ತು, ಮುತ್ತು ಒಡೆದ್ರೆ ಓಯ್ತು. ಈ ವಯಸ್ಸಲ್ಲಿ ಬಾಯಿ ರಿಪೇರಿ ಯಾಕೆ? ಸುಮ್ನೆ ಕಡಿಮೆ ಮಾತಾಡು."

ತಿಂಗಳೊಪ್ಪತ್ತಿನಲ್ಲಿ ಹೆಚ್ಚುವರಿ ಹಕಾರಗಳು ಒಂದೊಂದಾಗಿ ಉದುರಿದವು, ಬೇಕಾದವು ನಿಂತವು. ಯೋಚಿಸಿ ಆಡುವ ಮಾತಿಗೆಲ್ಲ ದೀಪ ಅಲುಗಿತು. ಒಂದು ಮಾತಿಗೆ ಮಾತ್ರ ಏನು ಮಾಡಿದರೂ ಅಲುಗಲಿಲ್ಲ. ಅದು 'ಹೌದು'. ಹೇಗೆ ಅಲುಗೀತು? ಅದು ಅವಳು ಯೋಚಿಸದೆ ಆಡುತ್ತಿದ್ದ ಮಾತು. ಔದು ಸಾರ್, ಔದು ಅತ್ತೆ, ಔದ್ ಔದು ಎಂದು ಹುಟ್ಟಿದಾರಭ್ಯ ಎಲ್ಲದಕ್ಕೂ ತಲೆಯಾಡಿಸಿಕೊಂಡು ಬಂದ ಮಾತು. ಅದಕ್ಕೆ ಉಸಿರು ಖರ್ಚು ಮಾಡುವ ಅಭ್ಯಾಸ ನಾಲಿಗೆಗೆ ಇರಲಿಲ್ಲ. ಇದೊಂದು ಹೋದರೆ ಹೋಗಲಿ ಎಂದು ಅವಳೂ ಬಿಟ್ಟಳು.

ಇಷ್ಟೆಲ್ಲ ಮಾಡುವಾಗ ಅವಳಿಗೇ ಅಚ್ಚರಿಯಾಗುವ ಒಂದು ಸಂಗತಿ ನಡೆಯಿತು. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿ ಒಬ್ಬಳಿದ್ದಳು. ಅವಳನ್ನು ಎಲ್ಲರೂ ಸಾಸಿವೆ ಎನ್ನುತ್ತಿದ್ದರು. ಅಕ್ಷರಮಾಲೆಯನ್ನು ಹಿಂದೆಮುಂದೆ ರಾಗವಾಗಿ ಹಾಡಿಬಿಡುತ್ತಿದ್ದಳು, ಆದರೆ ಒಂದು ಅಕ್ಷರವನ್ನು ಬೇರೆಯಾಗಿ ತೋರಿಸಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಹಳೆಯ ಹಾಡು ಅವಳಿಗೆ ಬರೀ ಹಾಡಾಗಿಯೇ ಉಳಿದಿತ್ತು. ಒಂದು ಬೆಳಿಗ್ಗೆ ಟೀಚರಮ್ಮ ಮನೆಯ ಅಭ್ಯಾಸದಂತೆ ಸಾಸಿವೆಯ ಅಂಗೈಯನ್ನು ತನ್ನ ಬಾಯ ಹತ್ತಿರ ಹಿಡಿದು, "ಅ" ಎಂದಳು. ಏನೂ ಆಗಲಿಲ್ಲ. "ಹ" ಎಂದಳು. ಸಾಸಿವೆ ಕೈ ಹಿಂದಕ್ಕೆಳೆದುಕೊಂಡು ನಕ್ಕಳು.

"ಬೆಚ್ಚಗಿದೆ!"

"ಆ ಬೆಚ್ಚಗಿರೋದೇ ಇದು ನೋಡು," ಎಂದು ಟೀಚರಮ್ಮ ಸ್ಲೇಟಿನ ಮೇಲೆ 'ಹ' ಬರೆದಳು.

ಸಾಸಿವೆ ತನ್ನ ಅಂಗೈಗೆ ತಾನೇ ಊದಿಕೊಂಡಳು. ಆಮೇಲೆ ಪಕ್ಕದವನ ಅಂಗೈಗೆ ಊದಿದಳು. ವಾರ ಕಳೆಯುವುದರೊಳಗೆ ಅಂಗೈ ಮುಟ್ಟಿ ಮುಟ್ಟಿ, ತುಟಿ ಮುಟ್ಟಿ ಮುಟ್ಟಿ, ಒಂದೊಂದು ಸದ್ದಿಗೂ ಒಂದೊಂದು ಅಕ್ಷರ ಹಿಡಿದುಬಿಟ್ಟಳು. ಕೊನೆಗೆ ಒಂದು ದಿನ 'ಹಗ್ಗ' ಎಂದು ತಾನೇ ಓದಿ, ತಲೆ ಎತ್ತಿ ಆ ನೋಟ ನೋಡಿದಳು. ಟೀಚರಮ್ಮನಿಗೆ ಕಣ್ಣು ತುಂಬಿ ಬಂತು. ಪದ್ಧತಿಯನ್ನು ತಂದವನು ಅದನ್ನು ಎಷ್ಟು ನಂಬಿದ್ದನೋ ಗೊತ್ತಿಲ್ಲ, ಆ ದಿನದಿಂದ ಅವಳು ಪೂರ್ತಿ ನಂಬಿದಳು. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆಯುವುದೇ ಸರಿ. ನಿಮ್ಮ ಕಿವಿ ಸುಳ್ಳು ಹೇಳೋದಿಲ್ಲ, ಅದನ್ನ ನಂಬಿ ಎಂದು ಮಕ್ಕಳಿಗೆ ದಿನಾ ಹೇಳಿದಳು.

ಪ್ರದರ್ಶನದ ದಿನ ಬಂತು. ಸಭಾಂಗಣದಲ್ಲಿ ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಒಂದನೇ ಕ್ಲಾಸಿನ ಮಕ್ಕಳು. ಒಬ್ಬೊಬ್ಬರ ಮುಂದೆಯೂ ಸ್ಲೇಟು, ಪಕ್ಕದಲ್ಲಿ ಪೆಟ್ಟಿಗೆಯಿಂದ ತೆಗೆದ ಮಿಂಚುವ ಹೊಸ ಪುಸ್ತಕ. ಅಧ್ಯಕ್ಷರ ಮೇಜಿನ ಮೇಲೆ ಮೈಕು, ಅದರ ಮುಂದೆ ಅಲಂಕಾರಕ್ಕೆಂದು ಒಂದು ಮೇಣದಬತ್ತಿ.

ಮೊದಲು ಟೀಚರಮ್ಮನ ಸರದಿ. ಮೈಕಿನ ಮುಂದೆ ನಿಂತು "ಹತ್ತು ಹಸು, ಹಳೇ ಹಲಗೆ," ಎಂದಳು. ಮೇಣದಬತ್ತಿ ನಾಲ್ಕು ಸಲ ಬಗ್ಗಿತು. ಸದ್ದು ಸಾರ್ ತಲೆದೂಗಿದ. ಹೆಡ್ ಮಾಸ್ತರರು ದೂರದಿಂದಲೇ ಹೆಬ್ಬೆರಳು ಎತ್ತಿದರು. ಕ್ಲಾಸು ಉಳಿಯಿತು ಎಂದುಕೊಂಡು ಅವಳು ಗೋಡೆಗೆ ಒರಗಿ ನಿಂತಳು.

ಆಮೇಲೆ ಸದ್ದು ಸಾರ್ ನಾಲ್ಕು ಹೆಜ್ಜೆಯ ಪದ್ಧತಿ ತೋರಿಸಿದ. "ಕೈ ಎತ್ತಿ," ಎಂದ. ಮಕ್ಕಳು ಕೇಳಿದವು, ಬರೆದವು, ಓದಿದವು, ಕೈ ಎತ್ತಿದವು. "ಕಿವಿ ಹಿಡಿಯಿರಿ," ಎಂದ. ಹಿಡಿದವು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಿದ್ದರು. ಆದರೆ ಚಪ್ಪಾಳೆ ಬೀಳುವ ಕಡೆ ದೊಡ್ಡವರು ಸುಮ್ಮನೆ ಕೂತದ್ದುಂಟೇ? ಅಧ್ಯಕ್ಷರು ಎದ್ದು ಮೈಕು ಹಿಡಿದರು.

"ಹೀಗ ನಾನು ಏಳ್ತೀನಿ," ಎಂದರು. "ನಮ್ಮ ಶಾಲೆ ಗೇಟಿನ ಮೇಲೆ ಬರ್ಸಿರೋ ಮಾತು. ಮಕ್ಕಳು ಬರೀಲಿ."

ಗೇಟಿನ ಮೇಲೆ ಬರೆಸಿದ್ದುದು 'ಪುಸ್ತಕ ಅರಿಯಿರಿ, ಲೋಕ ಆಳಿರಿ' ಎಂದು. ಒಳ್ಳೆಯ ಮಾತೇ. ಆದರೆ ಅದು ಎತ್ತರದಲ್ಲಿತ್ತು, ಒಂದನೇ ಕ್ಲಾಸಿನ ಮಕ್ಕಳು ಅದರ ಕೆಳಗೆ ಓಡಿ ಒಳಗೆ ಬರುತ್ತಿದ್ದರೇ ಹೊರತು ಓದಿರಲಿಲ್ಲ. ಅಧ್ಯಕ್ಷರು ಎದೆ ತುಂಬ ಉಸಿರೆಳೆದುಕೊಂಡರು.

"ಪುಸ್ತಕ ಹರಿಯಿರಿ. ಲೋಕ ಹಾಳಿರಿ."

ಎರಡು ಸಲವೂ ಮೇಣದಬತ್ತಿ ಬಾಗಿತು. ಸದ್ದು ಸಾರ್ ಅದನ್ನು ಕಂಡ. ಕಂಡು, ಚಾವಣಿಯ ಫ್ಯಾನಿನ ಕಡೆ ದೃಷ್ಟಿ ತಿರುಗಿಸಿದ. ಬಳಪಗಳು ಆಗಲೇ ಸ್ಲೇಟಿನ ಮೇಲೆ ಕಿರ್ರೆನ್ನುತ್ತಿದ್ದವು. ಮಕ್ಕಳು ಓದಿದವು, ಒಂದೇ ದನಿಯಲ್ಲಿ, ಗಂಟೆ ಹೊಡೆದಂತೆ.

"ಪುಸ್ತಕ ಹರಿಯಿರಿ. ಲೋಕ ಹಾಳಿರಿ."

ಪುಟ್ಟ ಕುರ್ಚಿಗಳ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಇಡೀ ಸಭೆಯಲ್ಲಿ ಸಂತೋಷಪಟ್ಟವರು ಅಧ್ಯಕ್ಷರೊಬ್ಬರೇ. ಅವರ ಕಿವಿಗೆ ಮಕ್ಕಳು ತಾವು ಹೇಳಿದ್ದನ್ನೇ ಹೇಳಿದ್ದವು.

"ಬೇಷ್! ಬೇಷ್!"

"ಸಮಯ ಆಯ್ತು," ಎಂದು ಸದ್ದು ಸಾರ್ ಮುಂದೆ ಬಂದ. "ಇಲ್ಲಿಗೆ ಕಾರ್ಯಕ್ರಮ..."

"ಯಾಕ್ರೀ? ನಾಲ್ಕನೇದು ಎಲ್ಲಿ? ಕೇಳಿದ್ರು, ಬರೆದ್ರು, ಓದಿದ್ರು. ಇನ್ನು ಮಾಡ್ಲಿ!" ಅಧ್ಯಕ್ಷರು ಮಕ್ಕಳ ಕಡೆ ಕೈ ಬೀಸಿದರು. "ಮಾಡಿ ಮಕ್ಕಳೇ, ಮಾಡಿ!"

ಮಕ್ಕಳು ಒಂದು ಕ್ಷಣ ಅನುಮಾನಿಸಿದವು. ಪುಸ್ತಕ ಹರಿದರೆ ಏಟು ಬೀಳುತ್ತದೆ ಎಂದು ಅವುಗಳಿಗೂ ಗೊತ್ತಿತ್ತು. ಆದರೆ ದೊಡ್ಡವರೇ ಹೇಳುತ್ತಿದ್ದಾರೆ, ಮೈಕಿನಲ್ಲಿ ಬೇರೆ. ಮೊದಲ ಸಾಲಿನಲ್ಲಿ ಒಂದು ಪುಟ ಪರ್ರೆಂದಿತು. ಆಮೇಲೆ ಹಿಡಿಯುವವರಿರಲಿಲ್ಲ. ಇಂಥ ಪಾಠ ಜನ್ಮದಲ್ಲಿ ಒಂದು ಸಲ ಸಿಗುತ್ತದೆ. ಮಿಂಚುವ ಹಾಳೆಗಳು ವೇದಿಕೆಯ ತುಂಬ ಹಾರಿದವು. ಹೆಡ್ ಮಾಸ್ತರರು ಎರಡೂ ಕೈ ಚಾಚಿ ಹಾಳೆ ಹಿಡಿಯಲು ಓಡಾಡಿದರು. ಎಲ್ಲ ಮುಗಿಸಿ ಕೈ ಕೊಡವಿಕೊಂಡ ಒಬ್ಬ ಹುಡುಗ ಎದ್ದು ನಿಂತು ಬಹಳ ವಿನಯದಿಂದ ಕೇಳಿದ:

"ಪುಸ್ತಕ ಆಯ್ತು ಸಾರ್. ಲೋಕ ಎಲ್ಲಿದೆ?"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರ ಮುಖ ಅವರ ಕಾರ್ಖಾನೆಯ ಸುಟ್ಟ ಹಂಚಿನ ಬಣ್ಣಕ್ಕೆ ಬಂತು. ಅವರು ವೇದಿಕೆಯ ತುದಿಗೆ ಹೋಗಿ ಒಂದು ಸ್ಲೇಟು ಕಿತ್ತುಕೊಂಡು ನೋಡಿದರು. ಕೇಳಿಸಿಕೊಳ್ಳುವಾಗ ತಿಳಿಯದ್ದು ಬರೆದದ್ದನ್ನು ನೋಡಿದಾಗ ತಿಳಿಯಿತು.

"ಏನ್ರೀ ಇದು? ಯಾರ್ ಏಳಿಕೊಟ್ಟಿದ್ದು ಇದನ್ನ?"

ಸದ್ದು ಸಾರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಪದ್ಧತಿಯಲ್ಲಿ ದೋಷ ಇಲ್ಲ ಸಾರ್. ಟೀಚರಮ್ಮನಿಗೆ ಅ ಹ ತೊಂದ್ರೆ ಮೊದಲಿಂದ ಇತ್ತು. ಅದೇ ಮಕ್ಕಳಿಗೂ ಅಂಟಿದೆ. ಅವು ತಪ್ಪಾಗಿ ಕೇಳಿಸ್ಕೊಂಡಿವೆ."

ಎಲ್ಲರ ಕಣ್ಣು ಗೋಡೆಗೆ ಒರಗಿದ್ದವಳ ಮೇಲೆ ಬಿತ್ತು. ಹೆಡ್ ಮಾಸ್ತರರು ಹಾಳೆಗಳನ್ನು ಎದೆಗವಚಿಕೊಂಡೇ ಅವಳ ಹತ್ತಿರ ಬಂದು ಪಿಸುಗುಟ್ಟಿದರು. ಕೆಟ್ಟ ಮನುಷ್ಯರಲ್ಲ ಅವರು, ಗಾಳಿ ಬಂದ ಕಡೆ ತೂರಿಕೊಳ್ಳುವವರು ಅಷ್ಟೇ.

"ಮಕ್ಕಳದ್ದೇ ತಪ್ಪು ಅಂತ ಒಂದು ಮಾತು ಹೇಳಿಬಿಡಿ ಟೀಚರಮ್ಮ. ನಾಲ್ಕು ಸಲ ತಿದ್ದಿ ಬರೆಸಿದ್ರೆ ಮುಗೀತು. ಮಕ್ಕಳಿಗೇನು, ಸಂಜೆಗೆ ಮರೀತವೆ. ಕ್ಲಾಸು ನಿಮ್ಮದೇ, ನಾನು ನೋಡ್ಕೋತೀನಿ."

ಅವಳ ನಾಲಿಗೆಯ ತುದಿಗೆ 'ಔದು' ಬಂದು ಕೂತಿತ್ತು. ಎಷ್ಟು ಸುಲಭದ ಮಾತು! ಉಸಿರೂ ಬೇಡ. ಅದನ್ನಾಡಿದರೆ ಮುಂದಿನ ವರ್ಷ ಮತ್ತೆ ಹೊಸ ಮಕ್ಕಳು, ಹೊಸ ಮೂಗುಗಳು, ಮತ್ತೆ ಆ ನೋಟ. ಅಷ್ಟರಲ್ಲಿ ಸಾಸಿವೆ ಅವಳ ಸೆರಗು ಜಗ್ಗಿದಳು. ಸ್ಲೇಟನ್ನು ಎತ್ತಿ ಹಿಡಿದಿದ್ದಳು. ಪುಸ್ತಕದ ಸಕಾರಕ್ಕೆ ತಕಾರದ ಒತ್ತು ಸರಿಯಾಗಿ ಕೂತಿತ್ತು. ಹರಿಯಿರಿಯ ಹ ದುಂಡಗಿತ್ತು. ಬದುಕಿನಲ್ಲಿ ಸಾಸಿವೆ ಕೇಳಿ ಬರೆದ ಅತಿ ಉದ್ದದ ಮಾತು. ಎಂಜಲು ಹಚ್ಚಿದ ಹೆಬ್ಬೆರಳು ಆ ಹಕಾರದ ಮೇಲೆ ಸಿದ್ಧವಾಗಿ ನಿಂತಿತ್ತು.

"ಟೀಚರ್, ನಂದು ತಪ್ಪಾ? ನಂಗೆ ಬೆಚ್ಚಗೇ ಕೇಳಿಸ್ತು."

"ಅಳಿಸ್ಬೇಡ," ಎಂದಳು ಟೀಚರಮ್ಮ.

ಆಮೇಲೆ, ಅಧ್ಯಕ್ಷರು ವಾಪಸು ಹೋಗಿ ಕೂತಿದ್ದ ಮೇಜಿನ ಮುಂದೆ ಬಂದು ನಿಂತಳು. "ಮಕ್ಕಳು ತಪ್ಪು ಬರೆದಿಲ್ಲ ಸಾರ್. ಕೇಳಿಸಿದ್ದನ್ನೇ ಬರೆದಿದಾರೆ."

"ಅಂಗಾದ್ರೆ ತಪ್ಪು ನಂದು ಅಂತೀಯೇನಮ್ಮ?" ಅಧ್ಯಕ್ಷರು ಮೇಜು ಗುದ್ದಿದರು.

ಟೀಚರಮ್ಮ ಯೋಚಿಸಿದಳು. ಆ ಮಾತಿಗಾಗಿ ಅವಳು ಯೋಚಿಸಿದ್ದು ಅದೇ ಮೊದಲು.

"ಹೌದು," ಎಂದಳು.

ಮೇಣದಬತ್ತಿ ಅಲುಗಲಿಲ್ಲ, ಆರಿಯೇ ಹೋಯಿತು. ಬತ್ತಿಯಿಂದೆದ್ದ ಹೊಗೆ ಅಧ್ಯಕ್ಷರ ಮೂಗಿನ ಕಡೆಗೇ ಹೋಯಿತು.

"ಒರಗೆ ಓಗಿ!" ಎಂದು ಅವರು ಅಬ್ಬರಿಸಿದರು. ಮೈಕಿನ ಮುಂದಿರುವುದು ಅವರಿಗೆ ಮರೆತುಹೋಗಿತ್ತು; ಸಭಾಂಗಣದ ನಾಲ್ಕು ಮೂಲೆಗೂ ಕೇಳಿಸಿತು. ಮಕ್ಕಳ ತಲೆಗಳೆಲ್ಲ ಥಟ್ಟನೆ ಸ್ಲೇಟಿನ ಮೇಲೆ ಬಗ್ಗಿದವು. 'ಒರಗೆ ಓಗಿ' ಎಂದು ಬರೆದು, ಓದಿ, ಮಾಡುವುದು ಹೇಗೆಂದು ತಿಳಿಯದೆ ಒಂದಕ್ಕೊಂದು ಒರಗಿ ಕೂತವು.

ಸಾಸಿವೆ ಮಾತ್ರ ಒರಗಲಿಲ್ಲ. ಅವಳು ಬರೆಯುವುದರಲ್ಲಿ ಸ್ವಲ್ಪ ನಿಧಾನ, ಇನ್ನೂ ಹಿಂದಿನ ಮಾತಿನಲ್ಲೇ ಇದ್ದಳು. ಬಾಗಿಲ ಕಡೆ ಹೊರಟ ಟೀಚರಮ್ಮ ಅವಳ ಸ್ಲೇಟಿನತ್ತ ಬಗ್ಗಿ ನೋಡಿದಳು. ಲೋಕದ ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ 'ಹೌದು' ಎಂದಿತ್ತು. ಔತ್ವದ ಸುಳಿಯೂ ಬಿಟ್ಟುಹೋಗಿರಲಿಲ್ಲ.

ಮನೆಗೆ ಬಂದಾಗ ಗಂಡ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

"ಏನಾಯ್ತೇ? ಕ್ಲಾಸು ಓಯ್ತಾ?"

"ಹೋಯ್ತು," ಎಂದಳು ಟೀಚರಮ್ಮ.

ಅತ್ತೆ ಒಳಗಿನಿಂದ ಕೇಳಿಸಿಕೊಂಡಳು. ಗಾದೆ ಹೇಳಲು ಬಾಯಿ ತೆರೆದು, ಸೊಸೆ ನೆಲದ ಮೇಲೆ ಕೂತು ಅಳುತ್ತಿದ್ದುದನ್ನು ಕಂಡು, ಬಾಯಿ ಮುಚ್ಚಿಕೊಂಡು ನೀರು ತಂದುಕೊಟ್ಟಳು.

ಈಗ ಅವಳು ಸ್ಟೋರ್ ರೂಮಿನಲ್ಲಿ ಕೂರುತ್ತಾಳೆ. ಸೀಮೆಸುಣ್ಣದ ಡಬ್ಬಿ, ಪೊರಕೆ, ಮುರಿದ ಕುರ್ಚಿ, ಉಳಿದ ಮೇಣದಬತ್ತಿ ಎಲ್ಲ ಅವಳ ಸುಪರ್ದಿಯಲ್ಲಿವೆ. ಒಂದನೇ ಕ್ಲಾಸಿಗೂ ಅದಕ್ಕೂ ನಡುವೆ ಒಂದೇ ಗೋಡೆ, ಮೇಲೆ ಒಂದು ಗವಾಕ್ಷಿ. ಮುಂದೆ ಇಂಥ ಗೊಂದಲವೇ ಆಗಬಾರದೆಂದು ಅಧ್ಯಕ್ಷರು ಯಂತ್ರಕ್ಕೆ ತಮ್ಮ ದನಿಯನ್ನೇ ತುಂಬಿಸಿದ್ದಾರೆ. ಮೈಕಿಲ್ಲದೆ, ಮಾಮೂಲಿ ಮಾತಿನಂತೆ ಆಡಿ ತುಂಬಿಸಿದ್ದರಿಂದ ಹೆಚ್ಚುವರಿ ಹಕಾರ ಒಂದೂ ಇಲ್ಲ, ಬೇಕಾದ ಹಕಾರವೂ ಒಂದೂ ಇಲ್ಲ. ಹೆಡ್ ಮಾಸ್ತರರು ಬಂದು ಗುಂಡಿ ಒತ್ತಿ ಹೋಗುತ್ತಾರೆ. ಸದ್ದು ಸಾರ್ ಬೇರೆ ಊರಿಗೆ ಇನ್ನೊಂದು ಪೆಟ್ಟಿಗೆ ಹೊತ್ತುಕೊಂಡು ಹೋದನಂತೆ.

ಮೊದಲ ದಿನ ಗೋಡೆಯಾಚೆ ಯಂತ್ರ ಮಾತಾಡಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಬರೀರಿ. ಅಕ್ಕಿ."

ಬಳಪದ ಸದ್ದು ಬರಲಿಲ್ಲ. ಆಮೇಲೆ ಒಂದು ಸಣ್ಣ ದನಿ, ಸಾಸಿವೆಯದೇ, ಯಂತ್ರವನ್ನು ಕೇಳಿತು:

"ಬೇಯೋ ಅಕ್ಕಿನಾ, ಆರೋ ಅಕ್ಕಿನಾ?"

ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಅದು ಮತ್ತೆ "ಅಕ್ಕಿ" ಎಂದಿತು. ಟೀಚರಮ್ಮ ಮುರಿದ ಕುರ್ಚಿಯೊಂದನ್ನು ಗೋಡೆಗೆ ಎಳೆದು, ಹತ್ತಿ ನಿಂತು, ಗವಾಕ್ಷಿಗೆ ಬಾಯಿಟ್ಟಳು.

"ಹಾರೋದು!" ಎಂದು ಕೂಗಿದಳು.

ಗೋಡೆಯಾಚೆ ಬಳಪಗಳೆಲ್ಲ ಒಟ್ಟಿಗೆ ಬರೆಯತೊಡಗಿದವು.